ಟೊಮಾಹಾಕ್ ಮತ್ತು ಕೈಗೊಡಲಿ: ಸೌದೆಗೂ ಆತ್ಮರಕ್ಷಣೆಗೂ ಒಂದೇ ಉಪಕರಣ ಸಾಕೆ?

ಡೇರೆವಾಸಿ ಕೇಳಿದ ಪ್ರಶ್ನೆ:

ಮಾನ್ಯರೇ, ವರ್ಷಕ್ಕೆ ನಾಲ್ಕೈದು ಸಲ ಎರಡು ಮೂರು ರಾತ್ರಿಗಳನ್ನು ಡೇರೆಯಲ್ಲಿ ಕಳೆಯುವಂಥ ನಡಿಗೆಗೆ ಹೋಗುವವನು ನಾನು. ಇಷ್ಟು ದಿನ ದಪ್ಪ ಅಲಗಿನ ಒಂದು ಚಾಕು ಮತ್ತು ಮಡಿಸುವ ಗರಗಸ, ಇವೆರಡರಲ್ಲೇ ಸೌದೆಯ ಕೆಲಸ ನಡೆಸಿಕೊಂಡು ಬಂದೆ. ಆದರೆ ಮಳೆಯಲ್ಲಿ ನೆನೆದ ಕೊಂಬೆಯನ್ನು ಸೀಳಿ ಒಳಗಿನ ಒಣ ಭಾಗವನ್ನು ಹೊರತೆಗೆಯಬೇಕಾದಾಗಲೆಲ್ಲ ಒಂದು ಚಿಕ್ಕ ಕೊಡಲಿ ಜೊತೆಯಲ್ಲಿದ್ದಿದ್ದರೆ ಎಂದು ಅನ್ನಿಸದೆ ಇಲ್ಲ. ಕೊಳ್ಳಲು ಹುಡುಕತೊಡಗಿದಾಗ ಮೂರು ಬಗೆಯವು ಕಣ್ಣಿಗೆ ಬಿದ್ದವು. ಮೊದಲನೆಯದು ಮರದ ಕಾವಿಗೆ ಬೆಣೆ ಹೊಡೆದು ಕೂರಿಸಿದ ಸಾಮಾನ್ಯ ಕೈಗೊಡಲಿ. ಎರಡನೆಯದು ತೆಳ್ಳನೆಯ ಬಾಯಿಯೂ ನೇರವಾದ ಉದ್ದ ಕಾವೂ ಇರುವ ಟೊಮಾಹಾಕ್. ಇದರ ತಲೆಯನ್ನು ಕಾವಿನ ಕೆಳತುದಿಯಿಂದ ತೂರಿಸಿ ಮೇಲಕ್ಕೆ ಎಳೆದು ಬಿಗಿ ಮಾಡುತ್ತಾರೆ, ಬೆಣೆ ಇರುವುದಿಲ್ಲ. ಮೂರನೆಯದು ತಲೆಯಿಂದ ಹಿಡಿಯ ತುದಿಯವರೆಗೆ ಒಂದೇ ಉಕ್ಕಿನ ತಗಡಿನಿಂದ ಕತ್ತರಿಸಿ, ಹಿಡಿಗೆ ಪ್ಲಾಸ್ಟಿಕ್ ಹೊದಿಸಿ, ಬಾಯಿಯ ಎದುರು ಬದಿಗೆ ಗಿಣಿಯ ಕೊಕ್ಕಿನಂಥ ಮೊನೆಯನ್ನು ಬಿಟ್ಟಿರುವ, 'ಟ್ಯಾಕ್ಟಿಕಲ್' ಎಂದು ಕರೆಸಿಕೊಳ್ಳುವ ಟೊಮಾಹಾಕ್.

ಮಾರುವವರ ವಿವರಣೆಯನ್ನು ಓದಿದರೆ ಮೂರನೆಯದೇ ಎಲ್ಲಕ್ಕೂ ಸಲ್ಲುವ ಉಪಕರಣವೆಂದು ತೋರುತ್ತದೆ: ಮರ ಕಡಿಯುತ್ತದೆ, ಬಾಗಿಲು ಮೀಟುತ್ತದೆ, ಆಪತ್ತು ಬಂದರೆ ಪ್ರಾಣವನ್ನೂ ಕಾಯುತ್ತದೆ. ನಿರ್ಜನ ಜಾಗದಲ್ಲಿ ಒಬ್ಬನೇ ಮಲಗುವವನಾದ್ದರಿಂದ ಕೊನೆಯ ಮಾತು ನನ್ನನ್ನು ಸೆಳೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬಳಸಿ ಬಲ್ಲವರು ದಯವಿಟ್ಟು ತಿಳಿಸಿ: ಈ ಮೂರರ ನಡುವಿನ ವ್ಯತ್ಯಾಸ ಕೇವಲ ರೂಪದ್ದೋ, ಕೆಲಸದ್ದೋ? ಆ ಕೊಕ್ಕಿನಿಂದ ನಿಜವಾಗಿ ಏನಾದರೂ ಉಪಯೋಗವಿದೆಯೇ? ಆತ್ಮರಕ್ಷಣೆಗೆ ಕೊಡಲಿಯನ್ನು ನೆಚ್ಚಿಕೊಳ್ಳುವುದು ಬುದ್ಧಿವಂತಿಕೆಯೇ? ಎಸೆದು ಹೊಡೆಯುವ ವಿಡಿಯೊಗಳನ್ನೂ ಬೇಕಾದಷ್ಟು ನೋಡಿದ್ದೇನೆ, ಅದರ ಬಗ್ಗೆಯೂ ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.

ಕಾವುಬೆಣೆ ಅವರ ಉತ್ತರ:

ಆತ್ಮರಕ್ಷಣೆಯ ಭಾಗವನ್ನು ಅದನ್ನು ಕಲಿತವರಿಗೆ ಬಿಡುತ್ತೇನೆ. ನನ್ನದು ಮರದ ಕೆಲಸ, ಅಷ್ಟನ್ನು ಮಾತ್ರ ಹೇಳುತ್ತೇನೆ.

ವ್ಯತ್ಯಾಸ ಕೆಲಸದ್ದೇ. ಕೈಗೊಡಲಿಯ ತಲೆ ಸಾಮಾನ್ಯವಾಗಿ 450ರಿಂದ 700 ಗ್ರಾಂ ತೂಗುತ್ತದೆ, ಕಾವು 30ರಿಂದ 40 ಸೆಂಟಿಮೀಟರ್ ಇರುತ್ತದೆ. ಟೊಮಾಹಾಕಿನ ತಲೆ ಇದಕ್ಕಿಂತ ಹಗುರ, ಕಾವು ಮಾತ್ರ 45ರಿಂದ 50 ಸೆಂಟಿಮೀಟರಿನವರೆಗೆ ಉದ್ದ. ಹೊಡೆತದ ಶಕ್ತಿ ತೂಕ ಹೆಚ್ಚಿದಷ್ಟಕ್ಕೆ ನೇರವಾಗಿ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದ್ದರಿಂದ ಉದ್ದ ಕಾವಿನ ಹಗುರ ತಲೆಯೂ ಒಳ್ಳೆಯ ಪೆಟ್ಟನ್ನೇ ಕೊಡುತ್ತದೆ. ಹಾಗಿದ್ದರೆ ಟೊಮಾಹಾಕಿನಲ್ಲಿ ಸೌದೆ ಏಕೆ ಸೀಳುವುದಿಲ್ಲ? ಕಾರಣ ಅದರ ಕೆನ್ನೆಯಲ್ಲಿ, ಅಂದರೆ ಬಾಯಿಯ ಹಿಂದಿನ ಎರಡು ಪಕ್ಕಗಳಲ್ಲಿದೆ. ಬಾಯಿಯಿಂದ ಹಿಂದಕ್ಕೆ ಹೋದಂತೆ ಕೊಡಲಿ ದಪ್ಪವಾಗುತ್ತ ಹೋಗಬೇಕು, ಆಗ ಒಳಹೊಕ್ಕ ಬಾಯಿಯ ಹಿಂದೆಯೇ ಬೆಣೆಯಂತೆ ಕೆನ್ನೆ ನುಗ್ಗಿ ಎಳೆಗಳನ್ನು ಇಬ್ಭಾಗ ಮಾಡುತ್ತದೆ. ಟೊಮಾಹಾಕಿನ ಬಾಯಿ ಬಹುದೂರದವರೆಗೆ ತೆಳ್ಳಗೇ ಇರುವುದರಿಂದ ಅದು ಕೊಂಬೆಯನ್ನು ಅಡ್ಡಡ್ಡ ಕಡಿಯಲು, ಪೊದೆ ಸವರಲು ಚೆನ್ನಾಗಿದೆ; ನೆಟ್ಟಗೆ ನಿಲ್ಲಿಸಿದ ತುಂಡಿಗೆ ಹೊಡೆದರೆ ಒಳಗೆ ಹೊಕ್ಕು ಕಚ್ಚಿಕೊಂಡು ಕೂರುತ್ತದೆ, ಕೀಳುವುದಕ್ಕೇ ಅರ್ಧ ಶ್ರಮ ಹೋಗುತ್ತದೆ. ನೀವು ಹೇಳಿದ ಮೂರನೆಯ ಬಗೆ ಇನ್ನೂ ಕಷ್ಟ, ಏಕೆಂದರೆ ಅದು ಸಮದಪ್ಪದ ತಗಡು, ಕೆನ್ನೆಯೆಂಬುದೇ ಅದಕ್ಕಿಲ್ಲ.

ಇನ್ನು ಕೊಕ್ಕಿನ ವಿಷಯ. ಡೇರೆಯ ಗೂಟ ಬಡಿಯಲು ಕೊಡಲಿಯ ಹಿಂಬದಿಯ ಚಪ್ಪಟೆ ಭಾಗವನ್ನು ದಿನಕ್ಕೆ ಹತ್ತು ಸಲ ಬಳಸುತ್ತೇವೆ, ಕೊಕ್ಕಿದ್ದರೆ ಅದು ಸಾಧ್ಯವಿಲ್ಲ. ಕಚ್ಚಿಕೊಂಡ ಬಾಯಿಯನ್ನು ಇನ್ನೊಂದು ಕಟ್ಟಿಗೆಯಿಂದ ಬಡಿದು ಒಳಕ್ಕೆ ಇಳಿಸುವುದೂ ಸಾಧ್ಯವಿಲ್ಲ. ಮರ ಪುಟಿದು ಕೊಡಲಿ ಹಿಂದಕ್ಕೆ ಚಿಮ್ಮಿದರೆ ಆ ಮೊನೆ ಬರುವುದು ನಿಮ್ಮ ಹಣೆಯ ಕಡೆಗೆ. ತಗಡಿನ ಬಾಗಿಲನ್ನೋ ವಾಹನದ ಗಾಜನ್ನೋ ಒಡೆದು ಒಳಗಿರುವವರನ್ನು ಹೊರತರಬೇಕಾದ ರಕ್ಷಣಾ ಸಿಬ್ಬಂದಿಗೆ ಅದರಿಂದ ಪ್ರಯೋಜನವಿದೆ. ಬೆಂಕಿ ಹಚ್ಚಿ ಅನ್ನ ಬೇಯಿಸಿಕೊಳ್ಳುವವರಿಗೆ ಇಲ್ಲ.

ಪೂರ್ತಿ ಉಕ್ಕಿನ ಹಿಡಿಯ ಬಗ್ಗೆ ಪಕ್ಷಪಾತವಿಲ್ಲದೆ ಹೇಳಬೇಕೆಂದರೆ, ಅದು ಮುರಿಯುವುದಿಲ್ಲ, ತಲೆ ಸಡಿಲವಾಗಿ ಹಾರುವ ಭಯವಿಲ್ಲ. ತಲೆ ಮತ್ತು ಹಿಡಿಯನ್ನು ಒಂದೇ ತುಂಡಾಗಿ ಕಾಸಿ ಬಡಿದು ಮಾಡುವ ಎಸ್ಟ್‌ವಿಂಗ್ ಕಂಪನಿಯ ಕೊಡಲಿಗಳು ಹಲವು ದಶಕಗಳಿಂದ ಕೆಲಸಗಾರರ ಕೈಯಲ್ಲಿವೆ, ಅವುಗಳಿಗೆ ಸರಿಯಾದ ಕೆನ್ನೆಯೂ ಇದೆ. ಆದರೆ ಮರದ ಕಾವು ಪೆಟ್ಟಿನ ಅದುರನ್ನು ತಾನೇ ನುಂಗಿಕೊಳ್ಳುತ್ತದೆ, ಉಕ್ಕು ಅದನ್ನು ಮೊಣಕೈಗೆ ದಾಟಿಸುತ್ತದೆ. ಅರ್ಧ ಗಂಟೆಗೆ ಇದು ತಿಳಿಯುವುದಿಲ್ಲ, ಎರಡು ಗಂಟೆಗೆ ತಿಳಿಯುತ್ತದೆ.

ಬೆಣೆಯಿಲ್ಲದ ಟೊಮಾಹಾಕಿಗೂ ಅದರದೇ ಗುಣವಿದೆ. ಅದರ ಕಾವು ತುದಿಯ ಕಡೆಗೆ ದಪ್ಪವಾಗುತ್ತ ಹೋಗುವುದರಿಂದ ಬೀಸಿದಷ್ಟೂ ತಲೆ ಹೊರಕ್ಕೆ ಎಳೆದು ತಾನಾಗಿಯೇ ಬಿಗಿಯಾಗುತ್ತದೆ. ಕಾವು ಮುರಿದರೆ ಒಂದು ನೇರ ಕೊಂಬೆಯನ್ನು ಚಾಕುವಿನಿಂದ ಹೆರೆದು ತೂರಿಸಿದರಾಯಿತು. ಬೆಣೆಯೂ ಬೇಡ, ಉಳಿಯೂ ಬೇಡ. ತಲೆಯನ್ನು ಕಳಚಿ ಅಂಗೈಯಲ್ಲಿ ಹಿಡಿದು ತೊಗಟೆ ಹೆರೆಯಬಹುದು. ಹಿಂಬದಿಯಿಂದ ಸುತ್ತಿಗೆಯಂತೆ ಬಡಿದರೆ ಮಾತ್ರ ತಲೆ ಸಡಿಲಗೊಂಡು ಕಾವಿನಲ್ಲಿ ಕೆಳಕ್ಕೆ, ಬೆರಳುಗಳ ಮೇಲೆಯೇ, ಜಾರುವ ಸಾಧ್ಯತೆಯಿದೆ.

ನೀವು ಕೇಳದೆ ಇದ್ದರೂ ಒಂದು ಎಚ್ಚರಿಕೆ. ಕೊಡಲಿ ಚಿಕ್ಕದಾದಷ್ಟೂ ಅಪಾಯ ಕಡಿಮೆ ಎಂದು ಎಲ್ಲರೂ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. 80–90 ಸೆಂಟಿಮೀಟರ್ ಕಾವಿನ ದೊಡ್ಡ ಕೊಡಲಿ ಗುರಿ ತಪ್ಪಿದರೆ ಅದರ ಬೀಸು ನಿಮ್ಮ ಪಾದದ ಮುಂದೆ, ನೆಲದಲ್ಲಿ ಮುಗಿಯುತ್ತದೆ. ಮೊಳದುದ್ದದ ಕೊಡಲಿ ತಪ್ಪಿದರೆ ಅದರ ಬೀಸು ನೆಲ ಮುಟ್ಟುವ ಮೊದಲೇ ನಿಮ್ಮ ಮೊಣಕಾಲನ್ನು ಸಂಧಿಸುತ್ತದೆ. ನಿಂತುಕೊಂಡು ಒಂದು ಗಂಟಿನ ಕೊಂಬೆಗೆ ಹೊಡೆದಾಗ ಬಾಯಿ ಜಾರಿ ನನ್ನ ಎಡಗಾಲಿನ ಎಲುಬಿಗೆ ತಗುಲಿದ್ದು ಹೀಗೆ. ದಪ್ಪ ಬಟ್ಟೆ ಇದ್ದುದರಿಂದ ಏಳು ಹೊಲಿಗೆಗೆ ಮುಗಿಯಿತು. ಅಂದಿನಿಂದ ಕೈಗೊಡಲಿ ಹಿಡಿದರೆ ಮಂಡಿಯೂರಿಯೇ ಕೆಲಸ ಮಾಡುತ್ತೇನೆ, ಎದುರಿಗೆ ಒಂದು ಕೊರಡು ಇಟ್ಟುಕೊಳ್ಳುತ್ತೇನೆ, ಹೊಡೆಯುವ ತುಂಡನ್ನು ಕೊರಡಿನ ಆಚೆಯ ಅಂಚಿನಲ್ಲಿ ನಿಲ್ಲಿಸುತ್ತೇನೆ. ಸಣ್ಣ ತುಂಡುಗಳನ್ನು ಬೀಸಿ ಹೊಡೆಯುವುದೇ ಇಲ್ಲ. ಬಾಯಿಯನ್ನು ತುಂಡಿನ ಮೇಲೆ ಆನಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿಗೆ ಕುಟ್ಟಿದರೆ ಸೀಳು ತಾನೇ ತೆರೆದುಕೊಳ್ಳುತ್ತದೆ.

ಹಳೆಕುಲುಮೆ ಅವರ ಉತ್ತರ:

ಹೆಸರಿನ ಗೊಂದಲವೊಂದನ್ನು ಮೊದಲು ಬಗೆಹರಿಸೋಣ. ಪುರಾತತ್ವದವರು ಕೈಗೊಡಲಿ ಎಂದರೆ ಕಾವೇ ಇಲ್ಲದ, ಹನಿಯಾಕಾರದ, ಎರಡೂ ಮುಖವನ್ನು ಚಕ್ಕೆಯೆಬ್ಬಿಸಿ ಚೂಪು ಮಾಡಿದ ಕಲ್ಲು. ಅಂಗೈಯಲ್ಲಿ ಹಿಡಿದೇ ಬಳಸುತ್ತಿದ್ದ ಆ ಉಪಕರಣಕ್ಕೆ ಹದಿನೇಳು ಲಕ್ಷ ವರ್ಷಗಳ ಇತಿಹಾಸವಿದೆ. ಇಲ್ಲಿ ಚರ್ಚೆಯಾಗುತ್ತಿರುವುದು ಒಂದೇ ಕೈಯಲ್ಲಿ ಬೀಸುವ, ಕಾವಿರುವ ಕೊಡಲಿ.

ಟೊಮಾಹಾಕ್ ಎಂಬ ಮಾತು ಉತ್ತರ ಅಮೆರಿಕದ ಪೂರ್ವ ಕರಾವಳಿಯ ಪವ್ಹಾಟನ್ ಜನರ ಆಲ್ಗಾಂಕ್ವಿಯನ್ ಭಾಷೆಯಿಂದ ಬಂದದ್ದು. ಜೇಮ್ಸ್‌ಟೌನ್ ಎಂಬ ಇಂಗ್ಲಿಷ್ ವಸಾಹತಿನ ನಾಯಕ ಜಾನ್ ಸ್ಮಿತ್ 1612ರಲ್ಲಿ ಅಚ್ಚಾದ ತನ್ನ ಪದಪಟ್ಟಿಯಲ್ಲಿ ಅದಕ್ಕೆ ಕೊಡಲಿ ಎಂದೇ ಅರ್ಥ ಕೊಟ್ಟಿದ್ದಾನೆ. ಯುರೋಪಿಯನ್ನರು ಬರುವ ಮೊದಲು ಅಲ್ಲಿಯ ಕೊಡಲಿಗಳ ತಲೆ ಕಲ್ಲಿನದು. ಇಂದು ನಾವು ಟೊಮಾಹಾಕ್ ಎಂದು ಗುರುತಿಸುವ ಕಬ್ಬಿಣದ ರೂಪ ಹುಟ್ಟಿದ್ದು ವ್ಯಾಪಾರದಿಂದ: ಇಂಗ್ಲಿಷರು, ಫ್ರೆಂಚರು, ಡಚ್ಚರು ತುಪ್ಪಳಕ್ಕೆ ಬದಲಾಗಿ ಕೊಡುತ್ತಿದ್ದ ಸರಕುಗಳಲ್ಲಿ ಕೊಡಲಿಯ ತಲೆಯೂ ಒಂದು. ಅದನ್ನು ಮಾಡುವ ಕ್ರಮ ಕುಲುಮೆ ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. ಮೆದು ಕಬ್ಬಿಣದ ಪಟ್ಟಿಯನ್ನು ಒಂದು ಸರಳಿನ ಸುತ್ತ ಮಡಿಸಿದರೆ ಕಾವಿನ ತೂತು ತಾನಾಗಿ ಆಯಿತು. ಮಡಿಸಿದ ಎರಡು ತುದಿಗಳ ನಡುವೆ ಉಕ್ಕಿನ ತುಂಡೊಂದನ್ನು ಇಟ್ಟು, ಕಾಸಿ, ಬಡಿದು ಬೆಸೆದರೆ ಬಾಯಿ ಆಯಿತು. ಉಕ್ಕು ದುಬಾರಿಯಾಗಿದ್ದ ಕಾಲ, ಬೇಕಾದಲ್ಲಿ ಬೇಕಾದಷ್ಟೇ. ಕಾವುಬೆಣೆಯವರು ಹೇಳಿದ ಬೆಣೆಯಿಲ್ಲದ ಜೋಡಣೆಯ ಮೂಲವೂ ಈ ದುಂಡು ತೂತಿನಲ್ಲೇ ಇದೆ.

ಆಯುಧವಾಗಿಯೂ ಅದು ಬಳಕೆಯಾಯಿತು ಎನ್ನುವುದರಲ್ಲಿ ಅನುಮಾನವಿಲ್ಲ. 1775ರ ಜುಲೈನಲ್ಲಿ ಬ್ರಿಟನ್ನಿನ ವಿರುದ್ಧ ಎದ್ದಿದ್ದ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಪ್ರತಿ ಸೈನಿಕನ ಬಳಿ ಬಂದೂಕು, ಬಯೊನೆಟ್‌ಗಳ ಜೊತೆಗೆ ಕತ್ತಿ ಇಲ್ಲವೇ ಟೊಮಾಹಾಕ್ ಇರಲಿ ಎಂದು ಶಿಫಾರಸು ಮಾಡಿತು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂದೇ ಗುಂಡಿನ ಬಂದೂಕು ಹೊತ್ತು ಕಾಡಿನಲ್ಲಿ ವಾರಗಟ್ಟಲೆ ಅಲೆಯುವವನಿಗೆ ಸೌದೆಗೂ ಬಿಡಾರಕ್ಕೂ ಕೊಡಲಿ ಹೇಗೂ ಬೇಕೇ ಬೇಕು; ಗುಂಡು ಮುಗಿದ ಗಳಿಗೆಯಲ್ಲಿ ಸೊಂಟದಲ್ಲಿದ್ದದ್ದು ಅದು. ಕತ್ತಿಗಿಂತ ಮೇಲಾದ ಆಯುಧವೆಂದು ಯಾರೂ ಅದನ್ನು ಆರಿಸಿಕೊಂಡಿರಲಿಲ್ಲ, ಕತ್ತಿಯಿಂದ ಸೌದೆ ಕಡಿಯಲು ಬರುವುದಿಲ್ಲವೆಂದು ಆರಿಸಿಕೊಂಡಿದ್ದರು. ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1804–05ರ ಚಳಿಗಾಲವನ್ನು ಮ್ಯಾಂಡನ್ ಎಂಬ ಮೂಲನಿವಾಸಿ ಜನರ ನೆರೆಯಲ್ಲಿ ಕಳೆದಾಗ ತಂಡದ ಕಮ್ಮಾರ ಜಾನ್ ಶೀಲ್ಡ್ಸ್ ಮಾಡಿಕೊಟ್ಟ ಯುದ್ಧಗೊಡಲಿಗಳಿಗೆ ಬದಲಾಗಿ ಮೆಕ್ಕೆಜೋಳ ಸಿಕ್ಕಿ ತಂಡದ ಹೊಟ್ಟೆ ತುಂಬಿತು. ಹಗಲೆಲ್ಲ ಕೊಡಲಿ ಬಡಿದು ತುತ್ತು ಗಳಿಸುವುದು ಎಂದರೆ ಅದು!

ಹದಿನೆಂಟನೆಯ ಶತಮಾನದ ಹೊಗೆಕೊಳವೆ ಟೊಮಾಹಾಕನ್ನೂ ನೆನೆಯಬೇಕು: ಬಾಯಿಯ ಎದುರು ಬದಿಗೆ ತಂಬಾಕಿನ ಬಟ್ಟಲು, ಕಾವಿನ ಉದ್ದಕ್ಕೂ ಕೊರೆದ ರಂಧ್ರ. ಸಂಧಾನದ ಸಭೆಗಳಲ್ಲಿ ಕಾಣಿಕೆಯಾಗಿ ಕೊಡುತ್ತಿದ್ದ ಅದು ಒಂದು ತುದಿಯಲ್ಲಿ ಯುದ್ಧ, ಇನ್ನೊಂದು ತುದಿಯಲ್ಲಿ ಶಾಂತಿಯನ್ನು ಹೊತ್ತಿತ್ತು. ಕೊಕ್ಕಿನ ಟೊಮಾಹಾಕುಗಳು ಆಗಲೂ ಇದ್ದವು, ಹೊಸ ಕಲ್ಪನೆಯೇನಲ್ಲ. ಇಂದಿನ 'ಟ್ಯಾಕ್ಟಿಕಲ್' ಪೀಳಿಗೆಯ ಮೂಲಪುರುಷ ಎನ್ನಬಹುದಾದದ್ದು ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ್ದ, ಮೊಹಾಕ್ ಎಂಬ ಮೂಲನಿವಾಸಿ ಜನಾಂಗದ ಮೂಲದ ಪೀಟರ್ ಲಗಾನಾ ರೂಪಿಸಿದ ಟೊಮಾಹಾಕ್. 1966ರಿಂದ 1970ರವರೆಗೆ ಸುಮಾರು 4,000 ತಯಾರಾಗಿ, ಬಹುಪಾಲು ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರ ಕೈ ಸೇರಿದವು.

ಡೇರೆವಾಸಿ:

ಇಬ್ಬರಿಗೂ ಕೃತಜ್ಞತೆಗಳು. ಸೌದೆಯ ಮಟ್ಟಿಗೆ ನನ್ನ ಸಂಶಯ ಪರಿಹಾರವಾಯಿತು, ಮೂರನೆಯದನ್ನು ಪಟ್ಟಿಯಿಂದ ತೆಗೆದುಹಾಕಿದೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಮೊದಲನೆಯ ಬಗೆಯನ್ನೇ ಕೊಂಡೆನೆಂದುಕೊಳ್ಳಿ. ರಾತ್ರಿ ಅದು ತಲೆದಿಂಬಿನ ಪಕ್ಕ ಇರುತ್ತದೆ. ಚಾಕುವಿಗಿಂತ ಅದರ ನಿಲುಕು ಹೆಚ್ಚು, ಪೆಟ್ಟೂ ಹೆಚ್ಚು, ಎದುರಿಗಿರುವವನು ನೋಡಿಯೇ ಹಿಂಜರಿಯಲೂಬಹುದು. ಏನೂ ಇಲ್ಲದಿರುವುದಕ್ಕಿಂತ ಇದು ಮೇಲಲ್ಲವೇ?

ನಿಧಾನಿ ಅವರ ಉತ್ತರ:

ಆಯುಧಗಳಿರುವ ಸಮರಕಲೆಯೊಂದನ್ನು ಹನ್ನೊಂದು ವರ್ಷ ಕಲಿತು, ಈಗ ಆರಂಭದ ತರಗತಿಗಳಿಗೆ ಕಲಿಸುತ್ತಿದ್ದೇನೆ. ನಮ್ಮ ಅಭ್ಯಾಸದಲ್ಲಿ ರಬ್ಬರಿನ ಕೊಡಲಿಗಳೂ ಇವೆ. ಅವುಗಳೊಂದಿಗೆ ಎಷ್ಟು ಹೆಚ್ಚು ಆಡಿದ್ದೇನೋ ಅಷ್ಟು ಅವುಗಳ ಮೇಲಿನ ಭರವಸೆ ಕಡಿಮೆಯಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕೊಡಲಿಯ ಶಕ್ತಿಯೂ ದೌರ್ಬಲ್ಯವೂ ಒಂದೇ: ಭಾರವೆಲ್ಲ ತುದಿಯಲ್ಲಿದೆ. ಆ ಭಾರ ಕೆಲಸ ಮಾಡಬೇಕಾದರೆ ಬೀಸಲು ಜಾಗ ಬೇಕು, ಬೀಸಲು ಕಾಲ ಬೇಕು. ಮೊದಲ ಬೀಸು ತಪ್ಪಿದರೆ ತುದಿಯ ಭಾರವೇ ಕೈಯನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ, ಅದನ್ನು ತಡೆದು ಮರಳಿ ತರುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ತೋರಿಸಿಕೊಟ್ಟ ಲೆಕ್ಕವೊಂದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು: ಸಾಧಾರಣ ಮೈಕಟ್ಟಿನ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿ ಬರಬಲ್ಲ. ನೀವು ನಿದ್ದೆಯಿಂದ ಎದ್ದು, ಕತ್ತಲಲ್ಲಿ ತಡಕಾಡಿ, ಒರೆಯಿಂದ ಕೊಡಲಿ ತೆಗೆಯುವುದನ್ನು ಈ ಒಂದೂವರೆ ಸೆಕೆಂಡಿನ ಪಕ್ಕದಲ್ಲಿ ಇಟ್ಟು ನೋಡಿ.

ಜಾಗದ ವಿಷಯವನ್ನು ನೀವೇ ಪರೀಕ್ಷಿಸಬಹುದು. ಡೇರೆಯೊಳಗೆ ಕುಳಿತು, ಕೊಡಲಿಯ ಬದಲು ಅಷ್ಟೇ ಉದ್ದದ ಮರದ ಸೌಟನ್ನು ಹಿಡಿದು ಬೀಸಿ ನೋಡಿ. ಮೊದಲು ತಗುಲುವುದು ಬಟ್ಟೆಯ ಗೋಡೆ, ಆಮೇಲೆ ಕಂಬ, ಜೊತೆಯಲ್ಲಿ ಯಾರಾದರೂ ಮಲಗಿದ್ದರೆ ಅವರ ತಲೆ. ಮನೆಯ ಓಣಿಯಲ್ಲಿ, ಬಾಗಿಲ ಚೌಕಟ್ಟಿನಲ್ಲಿ, ಮೆಟ್ಟಿಲಲ್ಲಿ ಇದೇ ಕಥೆ. ಎದುರಾಳಿ ತೋಳಿನಳತೆಗಿಂತ ಹತ್ತಿರ ಬಂದನೆಂದರೆ ಬೀಸು ಸತ್ತಂತೆ. ಆಗ ಉದ್ದ ಕಾವು ಅವನಿಗೂ ಹಿಡಿಯಲು ಸಿಗುತ್ತದೆ. ತರಗತಿಯಲ್ಲಿ ರಬ್ಬರು ಕೊಡಲಿ ಹಿಡಿದವನು ಸೋಲುವುದು ಬಹುಮಟ್ಟಿಗೆ ಈ ಸೆಣಸಾಟದಲ್ಲೇ. ಕೊನೆಗೆ ಆಯುಧ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಮೈಬಲ ತೀರ್ಮಾನಿಸುತ್ತದೆ. ಚಾಕುವಿಗಿಂತ ನಿಲುಕು ಹೆಚ್ಚು ಎಂಬ ನಿಮ್ಮ ಮಾತು ಬಯಲಿನಲ್ಲಿ ನಿಜ, ಇಕ್ಕಟ್ಟಿನಲ್ಲಿ ತಲೆಕೆಳಗು.

ಇವೆಲ್ಲಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಕೊಡಲಿಗೆ ಮೆದು ಪೆಟ್ಟು ಎಂಬುದಿಲ್ಲ. ದೂಡಬಹುದು, ತಡೆಯಬಹುದು, ಕೋಲಿನಿಂದ ತೊಡೆಗೆ ಬಾರಿಸಬಹುದು, ಇವುಗಳಲ್ಲಿ ಏರುಮೆಟ್ಟಿಲುಗಳಿವೆ. ಕೊಡಲಿಯ ಬಾಯಿ ಬೇಡವೆಂದು ಹಿಂಬದಿಯಿಂದ ಹೊಡೆದರೂ ಅದು ಅರ್ಧ ಕಿಲೋಗ್ರಾಂ ಉಕ್ಕಿನ ಸುತ್ತಿಗೆ, ತಲೆಬುರುಡೆಗೆ ಎರಡೂ ಒಂದೇ. ಆತ್ಮರಕ್ಷಣೆಯ ಹಕ್ಕನ್ನು ಒಪ್ಪುವ ಕಾನೂನುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಬಳಸಿದ ಬಲ ಎದುರಾದ ಅಪಾಯಕ್ಕೆ ತಕ್ಕಷ್ಟಿತ್ತೇ ಎಂಬುದು. ಹಣ್ಣು ಕದಿಯಲು ಬಂದ ಹುಡುಗನೋ ಪ್ರಾಣ ತೆಗೆಯಲು ಬಂದವನೋ ಎಂದು ಕತ್ತಲಲ್ಲಿ ಅರಿಯದೆ ಕೊಡಲಿ ಬೀಸಿದವನು ಆಮೇಲೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಹೊತ್ತು ತಿರುಗುವುದರ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಲಗಿರುವ ವಸ್ತುವನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ತಕ್ಕ ಕಾರಣ ತೋರಿಸಬೇಕು, ಅಮೆರಿಕದಲ್ಲಿ ರಾಜ್ಯ ರಾಜ್ಯಕ್ಕೂ ನಿಯಮ ಬದಲಾಗುತ್ತದೆ. ಸೌದೆಗೆಂದು ಒರೆಯಲ್ಲಿಟ್ಟು ಬೆನ್ನುಚೀಲದೊಳಗೆ ಒಯ್ಯುವುದಕ್ಕೂ ಯಾರಾದರೂ ಮೈಮೇಲೆ ಬಂದರೆ ಇರಲಿ ಎಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಕ್ಕೂ ವಿಚಾರಣೆಯಲ್ಲಿ ಅಜಗಜಾಂತರವಿದೆ. ಹೋಗುವ ಜಾಗದ ನಿಯಮವನ್ನು ಹೊರಡುವ ಮೊದಲೇ ಓದಿಕೊಳ್ಳಿ.

ನೋಡಿಯೇ ಹಿಂಜರಿಯುತ್ತಾನೆ ಎನ್ನುವುದು ನಡೆಯಬಹುದು. ಆದರೆ ಅದು ಅವನ ಮನಸ್ಸಿಗೆ ಬಿಟ್ಟ ವಿಷಯ. ಹಿಂಜರಿಯದಿದ್ದರೆ ನಿಮ್ಮ ಮುಂದೆ ಉಳಿಯುವುದು ಕೊಲ್ಲುವುದು ಅಥವಾ ಕೈಬಿಡುವುದು.

ಎಸೆಯುವುದರ ಬಗ್ಗೆ ಕೇಳಿದ್ದೀರಿ. ಅದು ಸೊಗಸಾದ ಆಟ, ನನಗೂ ಇಷ್ಟ. ಕೊಡಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಲು ಸುಮಾರು ನಾಲ್ಕು ಮೀಟರ್ ಹಿಡಿಯುತ್ತದೆ. ಆಟಗಾರ ಅಳೆದ ಗೆರೆಯ ಮೇಲೆ ನಿಂತು, ಅಲುಗಾಡದ ಹಲಗೆಗೆ, ಬಾಯಿ ಮುಂದಾಗಿ ತಲುಪುವಂತೆ ಅಭ್ಯಾಸ ಮಾಡಿರುತ್ತಾನೆ. ಗುರಿ ಒಂದು ಹೆಜ್ಜೆ ಮುಂದೆ ಬಂದರೆ ತಗುಲುವುದು ಕಾವು. ತಗುಲದಿದ್ದರೆ ನಿಮ್ಮಲ್ಲಿದ್ದ ಒಂದೇ ಆಯುಧವನ್ನು ನೀವೇ ಎದುರಾಳಿಗೆ ತಲುಪಿಸಿದಂತಾಯಿತು.

ಡೇರೆಯ ರಾತ್ರಿಗಳಿಗೆ ನನ್ನ ಸಲಹೆ ನೀರಸವಾದದ್ದು. ಪ್ರಖರವಾದ ಒಂದು ತಲೆದೀಪ, ಜೋರಾದ ಸೀಟಿ, ಚಾರ್ಜು ತುಂಬಿದ ಫೋನು, ಕೈಗೆಟಕುವಲ್ಲಿ ಬೂಟು. ರಸ್ತೆಗೆ ಕಾಣುವ ಹಾಗೆ ಡೇರೆ ಹೂಡದಿರುವುದು. ಎಲ್ಲಿ ತಂಗುತ್ತೇನೆಂದು ಮನೆಯವರಿಗೆ ತಿಳಿಸಿರುವುದು. ಕರಡಿಗಳಿರುವ ನಾಡಿನಲ್ಲಾದರೆ ಕರಡಿಗೆಂದೇ ತಯಾರಾಗುವ ಖಾರದ ಸ್ಪ್ರೇ ಹಲವು ಮೀಟರ್ ದೂರದಿಂದಲೇ ಕೆಲಸ ಮಾಡುತ್ತದೆ. ಕೊಡಲಿ ಕೆಲಸ ಮಾಡುವ ದೂರದಲ್ಲಿ ಕರಡಿಯ ಉಗುರೂ ಕೆಲಸ ಮಾಡುತ್ತದೆ.

ಒಂಟಿನಡಿಗೆ ಅವರ ಉತ್ತರ:

ನಿಧಾನಿಯವರ ಮಾತುಗಳನ್ನು ಬಹುತೇಕ ಒಪ್ಪಿದರೂ ಒಂದು ಕಡೆ ತಕ್ಕಡಿ ಅತಿಯಾಗಿ ವಾಲಿದೆ ಎನ್ನಿಸುತ್ತದೆ. ಓಡಲು ದಾರಿಯಿಲ್ಲದೆ, ಕೂಗಿದರೆ ಕೇಳುವವರಿಲ್ಲದೆ, ಎದುರಿಗಿರುವವನ ಉದ್ದೇಶದಲ್ಲಿ ಅನುಮಾನವೂ ಉಳಿಯದ ಗಳಿಗೆ ಎಂಬುದೊಂದು ಇದ್ದೇ ಇದೆ. ಆಗ ಪಕ್ಕದಲ್ಲಿರುವ ಕೊಡಲಿಯನ್ನು ಮುಟ್ಟಬೇಡ ಎನ್ನುವವರು ಯಾರು? ಹೆಂಗಸಾಗಿ ಒಬ್ಬಳೇ ನಡೆಯುವ ನನಗೆ ಈ ಪ್ರಶ್ನೆ ಬರೀ ವಾದದ್ದಲ್ಲ.

ನಿಧಾನಿ:

ತಾವು ಹೇಳಿದ್ದು ಸರಿ, ತಿದ್ದಿಕೊಳ್ಳುತ್ತೇನೆ. ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುವುದೇ ಸರಿ, ಅದು ಕೊಡಲಿಯಾಗಿರಲಿ, ಬಾಣಲೆಯಾಗಿರಲಿ. ಹಾಗೆ ಹಿಡಿಯಬೇಕಾಗಿ ಬಂದರೆ ಕಾವಿನ ತುದಿಯನ್ನಲ್ಲ, ತಲೆಗೆ ಹತ್ತಿರವಾಗಿ ಹಿಡಿದು ಮುಂದಕ್ಕೆ ದೂಡಿ, ಬಿಡಿಸಿಕೊಂಡ ಕೂಡಲೇ ಅಲ್ಲಿಂದ ಹೊರಡಿ ಎಂದು ನಮ್ಮ ತರಗತಿಯಲ್ಲೂ ಹೇಳಿಕೊಡುತ್ತೇವೆ. ನನ್ನ ತಕರಾರು ಇರುವುದು ಕೊಳ್ಳುವಾಗಿನ ಲೆಕ್ಕಾಚಾರದ ಬಗ್ಗೆ: ಎಂದೂ ಬಾರದಿರಬಹುದಾದ ಆ ಒಂದು ಗಳಿಗೆಗಾಗಿ ಕೊಕ್ಕನ್ನೂ ತೆಳು ತಗಡನ್ನೂ ಆರಿಸಿಕೊಂಡು, ಪ್ರತಿದಿನ ಸಂಜೆ ಸೀಳದ ಸೌದೆಯೊಂದಿಗೆ ಗುದ್ದಾಡುವುದು ಬೇಡ ಎಂದಷ್ಟೇ.

ಡೇರೆವಾಸಿ:

ತೀರ್ಮಾನವಾಯಿತು. 600 ಗ್ರಾಂ ತಲೆ, ಹಿಕರಿ ಎಂಬ ಗಟ್ಟಿ ಮರದ 38 ಸೆಂಟಿಮೀಟರ್ ಕಾವು, ಬೆಣೆ ಹೊಡೆದದ್ದು. ಕೊಳ್ಳುವಾಗ ಏನೇನು ನೋಡಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು ಎಂದು ಕಾವುಬೆಣೆಯವರು ತಿಳಿಸಿದರೆ ಸಾಕು.

ಕಾವುಬೆಣೆ:

ಮೊದಲು ಕಾವಿನ ತುದಿಯನ್ನು ನೋಡಿ. ಮರದ ವರ್ಷವೃತ್ತಗಳ ಗೆರೆಗಳು ಬಾಯಿಯ ನೇರಕ್ಕೆ, ಅಂದರೆ ಹೊಡೆತದ ದಿಕ್ಕಿಗೆ, ಸಮವಾಗಿ ಓಡಬೇಕು. ಅಡ್ಡಕ್ಕೆ ಓಡಿದ್ದರೆ ಬೇರೊಂದನ್ನು ಕೇಳಿ. ಪಕ್ಕದಿಂದ ನೋಡಿದಾಗ ಎಳೆಗಳು ಕಾವಿನ ಉದ್ದಕ್ಕೂ ಸಾಗಬೇಕು, ನಡುವೆಯೇ ಓರೆಯಾಗಿ ಹೊರಬಿದ್ದಿದ್ದರೆ ಆ ಕಾವು ಅಲ್ಲಿಯೇ ಸಿಗಿಯುತ್ತದೆ. ಆಮೇಲೆ ಬಾಯಿಯನ್ನು ಮೇಲೆ ಮಾಡಿ ಒಂದು ಕಣ್ಣು ಮುಚ್ಚಿ ನೋಡಿ, ಬಾಯಿಯ ಗೆರೆ ಕಾವಿನ ತುದಿಯ ನಡುಭಾಗಕ್ಕೆ ಸರಿಯಾಗಿ ಕೂಡಬೇಕು. ದಪ್ಪನೆಯ ಮೆರುಗೆಣ್ಣೆ ಬಳಿದ ಕಾವು ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಮರಳು ಕಾಗದದಿಂದ ಉಜ್ಜಿ ತೆಗೆದುಬಿಡಿ.

ಉಕ್ಕಿನ ಹದವನ್ನು ಅರದಿಂದ ತಿಳಿಯಬಹುದು. ಅರ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಬಾಯಿ ಮೆದು, ಸ್ವಲ್ಪವೂ ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ತೀರಾ ಗಡಸು, ಗಂಟಿಗೆ ತಗುಲಿದಾಗ ಚಕ್ಕೆ ಏಳುತ್ತದೆ. ತುಸು ತಡೆಯುತ್ತ ಕಚ್ಚಿದರೆ ಸರಿ. ಬಾಯಿಯ ಎರಡು ಮುಖಗಳ ನಡುವಿನ ಕೋನ 30 ಡಿಗ್ರಿ ಆಸುಪಾಸಿನಲ್ಲಿರಲಿ. ತೀಡಲು ಅರ ಮತ್ತು ಸಾಣೆಕಲ್ಲು ಸಾಕು. ವಿದ್ಯುತ್ ಸಾಣೆಚಕ್ರಕ್ಕೆ ಒಡ್ಡಿದರೆ ಅಂಚು ಕಾಯ್ದು ನೀಲಿ ತಿರುಗುತ್ತದೆ, ನೀಲಿ ತಿರುಗಿತೆಂದರೆ ಅಲ್ಲಿಯ ಹದ ಹೋಯಿತು. ಕೊರೆಯುವ ಚಳಿಯಲ್ಲಿ ಉಕ್ಕು ಬಿರುಸಾಗುವುದರಿಂದ ಕೆಲಸಕ್ಕೆ ಮೊದಲು ಬಾಯಿಯನ್ನು ಬಟ್ಟೆಯೊಳಗಿಟ್ಟು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಹಿಂಬದಿಯಿಂದ ಮರದ ಗೂಟ ಬಡಿಯಿರಿ, ಇನ್ನೊಂದು ಉಕ್ಕಿನ ತಲೆಯನ್ನಲ್ಲ, ಚೂರು ಸಿಡಿದು ಕಣ್ಣಿಗೆ ಬಡಿಯುತ್ತದೆ.

ತಲೆ ಸಡಿಲವಾಯಿತೆಂದು ನೀರಿನಲ್ಲಿ ಅದ್ದಿಡುವ ರೂಢಿ ಹಳೆಯದು, ಒಳ್ಳೆಯದಲ್ಲ. ಮರ ಉಬ್ಬಿ ಒಂದು ದಿನ ಬಿಗಿಯಾಗಿರುತ್ತದೆ, ಒಣಗಿದಾಗ ಮೊದಲಿಗಿಂತಲೂ ಸಡಿಲವಾಗುತ್ತದೆ. ಬೆಣೆಯನ್ನು ಇನ್ನಷ್ಟು ಒಳಕ್ಕೆ ಇಳಿಸಿ, ಇಲ್ಲವೇ ಹೊಸದನ್ನು ಹಾಕಿ. ಕಾವಿಗೆ ವರ್ಷಕ್ಕೆ ಎರಡು ಬಾರಿ ಅಗಸೆ ಎಣ್ಣೆ ತೆಳ್ಳಗೆ ಸವರಿ, ಅರ್ಧ ಗಂಟೆಯ ಮೇಲೆ ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಯಲ್ಲಿ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಂಡದ್ದಿದೆ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ.